ಮಳೆಯೇ, ಸೋಮಾರಿತನವೇ?

ಆಟಿ ತಿಂಗಳ ಮಳೆ. ಪಂಜದ ಶಾಲೆಯೊಂದಕ್ಕೆ ಹುಡುಗನೊಬ್ಬ ತಡವಾಗಿ ಬಂದನೆನ್ನಿ. ‘ಸೋಮಾರಿ’ ಎಂದುಬಿಡುತ್ತೀರಿ. ನೀವೇ ತಡವಾದರೆ? ತೋಡು ಉಕ್ಕಿತ್ತು, ಬಸ್ಸು ಬರಲಿಲ್ಲ! ಹುಡುಗ ಬಾಗಿಲಲ್ಲಿ ಕಾಣುತ್ತಾನೆ. ಅವನು ದಾಟಿ ಬಂದ ತೋಡು ನಿಮಗೆ ಕಾಣುವುದಿಲ್ಲ. ಪರರ ನಡತೆಯನ್ನು ವಿವರಿಸುವಾಗ ಸನ್ನಿವೇಶವನ್ನು ಮರೆತು ಸ್ವಭಾವಕ್ಕೆ ಅತಿಯಾದ ತೂಕ ಕೊಡುವ ಈ ಒಲವಿಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ ಎಂದು ಹೆಸರಿಟ್ಟರು.

ಅದು ನಿಜಕ್ಕೂ ಮೂಲಭೂತವೇ? ಉತ್ತರದ ಒಂದು ಭಾಗ ನಮ್ಮ ಮೈಸೂರಿನಲ್ಲೇ ದೊರೆಯಿತು. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಷಿಕಾಗೋ ಮತ್ತು ಮೈಸೂರಿನ 8, 11, 15 ವರ್ಷದ ಮಕ್ಕಳನ್ನೂ ವಯಸ್ಕರನ್ನೂ ಕೇಳಿದರು: ನಿಮ್ಮ ಪರಿಚಿತರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಯಾವುವು? ಹಾಗೇಕೆ ಮಾಡಿದರು? 1984ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರ. 8 ವರ್ಷದ ಮಕ್ಕಳಲ್ಲಿ ಎರಡು ಊರುಗಳ ನಡುವೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಷಿಕಾಗೋದವರು ಸ್ವಭಾವವನ್ನೂ, ಮೈಸೂರಿನವರು ಸನ್ನಿವೇಶವನ್ನೂ ಹೆಚ್ಚು ಹೆಚ್ಚಾಗಿ ಹೇಳಿದರು. ಅಂದರೆ ಕಾರಣ ಹುಡುಕುವ ರೀತಿಯನ್ನೂ ನಾವು ಸುತ್ತಲಿನವರಿಂದ ಕಲಿಯುತ್ತೇವೆ. (ಹಾಜರಿ ಪುಸ್ತಕ ತೆರೆದಾಗ ಮಾತ್ರ ನಾವೂ ಷಿಕಾಗೋದವರೇ!)

ನಿಮ್ಮ ತರಗತಿಯಲ್ಲೇ ಪರೀಕ್ಷಿಸಿ ನೋಡಿ. ಕಿರುಪರೀಕ್ಷೆಯ ನಂತರ, ತನಗೆ ಅಂಕ ಕಡಿಮೆಯಾದುದೇಕೆ, ಗೆಳೆಯನಿಗೆ ಕಡಿಮೆಯಾದುದೇಕೆ ಎಂದು ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಬರೆಯಲಿ. ಕಾರಣಗಳನ್ನು ‘ಒಳಗಿನವು’, ‘ಹೊರಗಿನವು’ ಎಂದು ವಿಂಗಡಿಸಿ ಎಣಿಸಿ.