ನೇತ್ರಾಣಿಗೆ ಹೊರಟವರು ಮೂವರು, ಮುಳುಗುವವರು ಇಬ್ಬರು

ಠಾಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಪ್ರತಿ ಡಿಸೆಂಬರಿನಲ್ಲೂ ನಮ್ಮದು ಒಂದೇ ಪ್ರವಾಸ. ಕೊಂಕಣ ರೈಲು ಹತ್ತಿ ಹೊನ್ನಾವರದ ತವರಿಗೆ ಹೋಗುವುದು, ನಾಲ್ಕು ದಿನ ಉಂಡು ಮಲಗಿ, ಹಪ್ಪಳ, ಮುರುಗಲು ಸಿಪ್ಪೆ ಕಟ್ಟಿಕೊಂಡು ಮರಳುವುದು. ಈ ಸಲ ಮಗ ಹೇಳಿದ: "ಅಮ್ಮ, ನನ್ನ ಫ್ರೆಂಡ್ಸ್ ಎಲ್ಲ ಸ್ಕೂಬಾ ಮಾಡೋಕೆ ಅಂಡಮಾನಿಗೆ ಹೋಗ್ತಾರೆ. ನಿನ್ನ ಊರಿನ ಪಕ್ಕದಲ್ಲೇ ನೇತ್ರಾಣಿ ಇದೆ, ನೀನೇ ನೋಡಿಲ್ಲ."

ಮಾತು ಚುಚ್ಚಿತು. ಚಿಕ್ಕವಳಿದ್ದಾಗ ಮುರುಡೇಶ್ವರದ ದಂಡೆಯಲ್ಲಿ ನಿಂತು ಅಪ್ಪ ಬೆರಳು ತೋರಿಸಿದ್ದರು. ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ಕಾಣುತ್ತಿದ್ದ ಕಪ್ಪು ಚುಕ್ಕೆ ಅದು. ದಂಡೆಯಿಂದ ಸುಮಾರು ೧೯ ಕಿಲೋಮೀಟರ್. ಅಲ್ಲಿಗೆ ಹೋಗಬಹುದು, ಅಲ್ಲಿನ ನೀರಿನೊಳಗೆ ಇಳಿಯಬಹುದು ಎಂಬುದು ಆಗ ಯಾರ ತಲೆಯಲ್ಲೂ ಇರಲಿಲ್ಲ. ಈ ಸಲ ಹೋಗಿಯೇ ಬಿಡೋಣ ಎಂದೆ.

ಲೆಕ್ಕಾಚಾರ ಶುರುವಾಯಿತು. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇಲ್ಲ. ಅಕ್ಟೋಬರಿನಿಂದ ಬೇಸಿಗೆ ಮುಗಿಯುವವರೆಗೆ ಹಂಗಾಮು. ಅದರಲ್ಲೂ ಡಿಸೆಂಬರ್, ಜನವರಿಯ ಬೆಳಗಿನ ಸಮುದ್ರ ಸಾಮಾನ್ಯವಾಗಿ ಶಾಂತ, ನೀರು ತಿಳಿ. ನಮ್ಮಂಥ ಮುಂಬಯಿಯವರಿಗೆ ಮತ್ಸ್ಯಗಂಧ ರೈಲು ಮುರುಡೇಶ್ವರದಲ್ಲೇ ನಿಲ್ಲುತ್ತದೆ. ಆದರೆ ರಿಸರ್ವೇಶನ್ ತೆರೆಯುವುದು ೬೦ ದಿನ ಮೊದಲು. ಕ್ರಿಸ್‌ಮಸ್ ವಾರದ ಟಿಕೆಟ್ ಬೇಕಾದರೆ ಆ ದಿನ ಬೆಳಿಗ್ಗೆಯೇ ಕೂರಬೇಕು. ದೇವಸ್ಥಾನಕ್ಕೂ ಬೀಚಿಗೂ ಬರುವ ಜನ ಸೇರಿ ಆ ವಾರ ರೂಮುಗಳೂ ಬೇಗ ತುಂಬುತ್ತವೆ.

ನಮ್ಮಂಥ ಹೊಸಬರಿಗೆ ಪರಿಚಯದ ಡೈವ್ ಇದೆ. ಈಜು ಬರಬೇಕೆಂದಿಲ್ಲ. ತರಬೇತುದಾರ ಜೊತೆಗೇ ಇರುತ್ತಾರೆ. ಗರಿಷ್ಠ ಆಳ ೧೨ ಮೀಟರ್, ಅಂದರೆ ನಾಲ್ಕು ಮಹಡಿಯಷ್ಟು. ಸರ್ಟಿಫಿಕೇಟ್ ಬೇಕೆಂದರೆ ಕೆಲವು ದಿನಗಳ ಕೋರ್ಸ್ ಮಾಡಿ, ಈಜಿ ತೋರಿಸಬೇಕು. ಆಗ ೧೮ ಮೀಟರ್‌ವರೆಗೆ ಇಳಿಯಬಹುದು. ನಾವು ಮೊದಲನೆಯದನ್ನೇ ಆರಿಸಿದೆವು.

ಟಿಕೆಟ್ ಆದ ಮೇಲೆ ಡೈವಿಂಗ್‌ನವರು ಒಂದು ಫಾರ್ಮ್ ಕಳಿಸಿದರು. ಆರೋಗ್ಯದ ಪ್ರಶ್ನೆಗಳು. ಇವರು, ಮಗ ಇಬ್ಬರೂ ಎರಡು ನಿಮಿಷದಲ್ಲಿ ಎಲ್ಲಕ್ಕೂ "ಇಲ್ಲ" ಎಂದು ಮುಗಿಸಿದರು. ನಾನು ಆಸ್ತಮಾದ ಪ್ರಶ್ನೆಯ ಮುಂದೆ ನಿಂತೆ.

ನನಗೆ ಚಿಕ್ಕಂದಿನಿಂದ ದಮ್ಮು. ಆದರೆ ಎರಡು ವರ್ಷದಿಂದ ಇನ್‌ಹೇಲರ್ ಮುಟ್ಟಿಲ್ಲ. "ಹೌದು" ಎಂದರೆ ಡಾಕ್ಟರ ಸಹಿ ಬೇಕು. "ಇಲ್ಲ" ಎಂದರೆ ಯಾರಿಗೆ ತಿಳಿಯುತ್ತದೆ? ಪೆನ್ನು "ಇಲ್ಲ"ದ ಮೇಲೇ ಇತ್ತು. ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಆಯಿ ಕೇಳಿದ್ದು ಒಂದೇ ಮಾತು: "ನಿನ್ನ ದಮ್ಮು ಎಲ್ಲಿಗೆ ಹೋಯ್ತು ಮಾರಾಯ್ತಿ?"

ಮರುದಿನ ಎದೆರೋಗದ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಒಂದು ಚೀಟಿಯ ಮೇಲೆ ಚಿತ್ರ ಬರೆದರು. ನೀರಿನಲ್ಲಿ ಪ್ರತಿ ೧೦ ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ೧೦ ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ಡೈವಿಂಗ್‌ನ ಮೊದಲ ಪಾಠ, ಉಸಿರು ಹಿಡಿಯಬೇಡಿ ಎಂಬುದು. ದಮ್ಮಿನವರ ಕಥೆ ಬೇರೆ. ನಾವು ಹಿಡಿಯದಿದ್ದರೂ ಕಿರಿದಾದ ಶ್ವಾಸನಾಳ ಹಿಡಿದುಬಿಡಬಹುದು. ಹೊರಗೆ ಹೋಗಲು ದಾರಿ ಸಿಗದ ಗಾಳಿ ಶ್ವಾಸಕೋಶವನ್ನೇ ಹರಿಯಬಹುದು. ಸಿಲಿಂಡರಿನ ಒಣ ಗಾಳಿಗೆ ದಮ್ಮು ಕೆರಳುವುದೂ ಉಂಟು. ದಡದಲ್ಲಾದರೆ ಇನ್‌ಹೇಲರ್ ಇದೆ, ನೀರಿನಡಿಯಲ್ಲಿ ಏನಿದೆ?

ಕೊಳವೆಯಲ್ಲಿ ಊದಿಸಿದರು, ಓಡಿಸಿ ಮತ್ತೆ ಊದಿಸಿದರು. ಓಡಿದ ಮೇಲೆ ಅಂಕಿ ಇಳಿಯಿತು. "ದಮ್ಮು ಇರುವ ಎಲ್ಲರಿಗೂ ಬೇಡ ಎನ್ನುವುದಿಲ್ಲ. ನಿಮಗೆ ಈ ವರ್ಷ ಬೇಡ" ಎಂದರು. ಎರಡು ವರ್ಷ ದಮ್ಮು ಬಂದಿಲ್ಲ ಎಂದರೆ ದಮ್ಮು ಹೋಗಿದೆ ಎಂದಲ್ಲ ಎಂಬುದು ಆಗ ತಿಳಿಯಿತು. ಬಸ್ಸಿನಲ್ಲಿ ಬರುವಾಗ ಕಣ್ಣು ತುಂಬಿತ್ತು, ಸುಳ್ಳು ಯಾಕೆ.

ಮಗ ಎಲ್ಲವನ್ನೂ ರದ್ದು ಮಾಡೋಣ ಎಂದ. ನಾನು ಬೇಡ ಎಂದೆ. ಪ್ಲಾನನ್ನು ಮತ್ತೆ ಕೂತು ಬರೆದೆವು. ನಿಮಗೂ ಉಪಯೋಗಕ್ಕೆ ಬರಲಿ ಎಂದು ಹೇಳುತ್ತೇನೆ.

ಮೊದಲು ಫಾರ್ಮ್, ಆಮೇಲೆ ಟಿಕೆಟ್. ಬೆಳಿಗ್ಗೆ ದೋಣಿ ಹತ್ತುವ ಗಡಿಬಿಡಿಯಲ್ಲಿ ಅದನ್ನು ಓದಲು ಆಗುವುದಿಲ್ಲ, ಸಹಿ ಮಾತ್ರ ಮಾಡುತ್ತೇವೆ. ಬಿ.ಪಿ., ಹೃದಯ, ಕಿವಿ, ಫಿಟ್ಸ್, ಬಸಿರು, ಯಾವುದನ್ನೂ ಮುಚ್ಚಿಡಬೇಡಿ. ಬುಕ್ ಮಾಡುವ ಮುಂಚೆ ಕೇಳಿ: ಒಬ್ಬ ತರಬೇತುದಾರನಿಗೆ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕ ಇದೆಯೇ? ಮೊದಲು ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ? ಸಮುದ್ರ ಕೆರಳಿದರೆ ದುಡ್ಡು ವಾಪಸ್ಸೇ?

ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಬಿಡಲೂಬಾರದು. ನೆಗಡಿಯಾದರೆ ಇಳಿಯಬೇಡಿ, ಕಿವಿಯ ಒತ್ತಡ ಸರಿಹೋಗದೆ ನೋವಾಗುತ್ತದೆ. ದೋಣಿ ಪ್ರಯಾಣ ಒಂದು ಗಂಟೆಯ ಮೇಲಾಗಬಹುದು, ಬೆಳಿಗ್ಗೆ ಹೊಟ್ಟೆ ಹಗುರವಾಗಿರಲಿ.

ದೆಹಲಿ, ಹೈದರಾಬಾದಿನಿಂದ ಬರುವವರು ಗೋವಾ ಅಥವಾ ಮಂಗಳೂರಿನಿಂದ ವಿಮಾನ ಹಿಡಿಯುತ್ತೀರಿ. ಒಂದೇ ಡೈವ್ ಆದರೆ ಕನಿಷ್ಠ ೧೨ ಗಂಟೆ, ಹೆಚ್ಚು ಡೈವ್ ಮಾಡಿದರೆ ಕನಿಷ್ಠ ೧೮ ಗಂಟೆ ಬಿಟ್ಟು ಹಾರಬೇಕು. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಅಷ್ಟು ಹೊತ್ತು ಬೇಕು. ಡೈವ್ ಮುಗಿಸಿ ಅದೇ ಸಂಜೆ ಜೋಗ, ಶಿರಸಿ ಎಂದು ಘಟ್ಟ ಹತ್ತುವುದೂ ಬೇಡ. ನೀರಿನಡಿಯಿಂದ ಹವಳದ ಚೂರನ್ನೂ ತರಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಟಿಕೆಟ್ ಈಗ ಮೂರೂ ಖಾತ್ರಿಯಾಗಿದೆ. ಅಪ್ಪ, ಮಗ ನೀರಿಗಿಳಿಯುತ್ತಾರೆ. ನಾನು ದೋಣಿಯಲ್ಲಿ ಇನ್‌ಹೇಲರ್ ಹಿಡಿದು ಕೂರುತ್ತೇನೆ. ಬಂಡೆಯ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದಂತೆ, ಅದನ್ನು ನೋಡುವ ಕೆಲಸ ನನ್ನದು. ಅಪ್ಪ ಈಗಿಲ್ಲ. ಅವರು ತೋರಿಸಿದ ಚುಕ್ಕೆಯ ಹತ್ತಿರ ಹೋಗಿ, ಅಲ್ಲಿಂದ ತಿರುಗಿ ನಮ್ಮ ದಂಡೆಯನ್ನು ನೋಡಬೇಕು. ಅದಕ್ಕೆ ಯಾವ ಡಾಕ್ಟರ ಸಹಿಯೂ ಬೇಡ.

ಆಯಿಗೆ ಹೇಳಿದೆ. "ಹಾಗಾದ್ರೆ ನಾನೂ ಬರ್ತೆ, ನಿನ್ನ ಜೊತೆ ಕೂರೂಕೆ ಒಬ್ಬರು ಬೇಡವಾ?" ಎಂದಳು. ದೋಣಿಯಲ್ಲಿ ಇನ್ನೊಂದು ಸೀಟು ಕೇಳಿದ್ದೇನೆ.