ಸರ್ಕ್ಯೂಟ್ ಬ್ರೇಕರ್ ಮತ್ತು ಸಂವಹನ ಜಾಲ

ದೋಷಪ್ರವಾಹವನ್ನು ಕಡಿಯುವುದು ಕಾರ್ಖಾನೆಯ ಸರ್ಕ್ಯೂಟ್ ಬ್ರೇಕರಿನ ಮೂಲಧರ್ಮ. ಅದಕ್ಕೆ ಜಾಲದ ಹಂಗಿಲ್ಲ. ಟ್ರಿಪ್ ಘಟಕವು ಸಾಮಾನ್ಯವಾಗಿ ಬ್ರೇಕರಿನೊಳಗೇ ಇರುತ್ತದೆ. ಜಾಲ ಬೇಕಾಗುವುದು ವಿದ್ಯುತ್ ಬಳಕೆಯನ್ನು ದೂರದಿಂದ ಅಳೆಯುವುದಕ್ಕೆ, ಬ್ರೇಕರನ್ನು ದೂರದಿಂದ ನಡೆಸುವುದಕ್ಕೆ.

1979ರಲ್ಲಿ ಮಾಡಿಕಾನ್ ಸಂಸ್ಥೆ ರೂಪಿಸಿದ ಮಾಡ್‌ಬಸ್ ಈ ಕೆಲಸಕ್ಕೆ ಇಂದಿಗೂ ಬಳಕೆಯಲ್ಲಿದೆ. ಆರ್‌ಎಸ್-485 ತಂತಿಜೋಡಿಯಲ್ಲಿ ಅದು ಸುಮಾರು 1200 ಮೀಟರ್ ಸಾಗಬಲ್ಲದು. ಈಥರ್ನೆಟ್ ಬೇಕೆಂದಲ್ಲಿ ಪರಿವರ್ತಕವೊಂದನ್ನು ನಡುವೆ ಇಟ್ಟರಾಯಿತು. ಸರಳತೆಯೇ ಅದರ ಬಲ, ದೌರ್ಬಲ್ಯವೂ ಹೌದು: ಮೂಲ ಮಾಡ್‌ಬಸ್, ಆಜ್ಞೆ ಯಾರದೆಂದು ಕೇಳುವುದಿಲ್ಲ.

ದೂರನಿಯಂತ್ರಣದ ಅಪಾಯ ಮಾಡ್‌ಬಸ್‌ಗಷ್ಟೇ ಸೀಮಿತವೂ ಅಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿತರಣಾ ಜಾಲದಲ್ಲಿ ದಾಳಿಕೋರರು ನಿಯಂತ್ರಣ ಕೊಠಡಿಯ ಗಣಕಗಳ ಮೂಲಕವೇ ಬ್ರೇಕರುಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ಉಪಕೇಂದ್ರಗಳ ಈಥರ್ನೆಟ್ ಪರಿವರ್ತಕಗಳನ್ನೂ ಅವರು ಕೆಡಿಸಿದ್ದರಿಂದ, ಸಿಬ್ಬಂದಿ ಅಲ್ಲಿಗೇ ತೆರಳಿ ಬ್ರೇಕರುಗಳನ್ನು ಕೈಯಿಂದ ಮರುಜೋಡಿಸಬೇಕಾಯಿತು.