ಅರಳು ಮರಳೋ, ಸೋಂಕೋ?



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮಗೆಲ್ಲ ಗೊತ್ತು. ವಯಸ್ಸಾದವರು ಏನಾದರೂ ತಪ್ಪು ಮಾತಾಡಿದರೆ ಈ ಗಾದೆ ಹೇಳಿ ನಕ್ಕುಬಿಡುತ್ತೇವೆ. ನಾನೂ ಹಾಗೇ ನಕ್ಕವನು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮಜ್ಜಿ ಇದ್ದಕ್ಕಿದ್ದಂತೆ ನನ್ನನ್ನು ತೀರಿಹೋದ ತನ್ನ ತಮ್ಮನ ಹೆಸರು ಹಿಡಿದು ಕರೆದು, “ದನ ಕಟ್ಟಿದ್ಯೇನ್ಲಾ?” ಅಂದಳು. ನಾವು ದನ ಮಾರಿ ಎಷ್ಟೋ ವರ್ಷ ಆಗಿದೆ! ನಾನೂ ತಂಗಿಯೂ ಬಿದ್ದು ಬಿದ್ದು ನಕ್ಕೆವು. ರಾತ್ರಿಯೆಲ್ಲ ಅಜ್ಜಿ ನಿದ್ದೆ ಮಾಡಲಿಲ್ಲ. ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅಂತ ಕೈ ತೋರಿಸಿದಳು. ಬೆಳಿಗ್ಗೆ ಸರಿಯಾಗಿದ್ದಳು, ಸಂಜೆ ಮತ್ತೆ ಅದೇ ಗೋಳು. ಅಕ್ಕಪಕ್ಕದವರು “ಗಾಳಿ ಸೋಕಿದೆ, ತಾಯಿತ ಕಟ್ಸಿ” ಅಂದರು. ಹೀಗೇ ಎರಡು ದಿನ ಕಳೆಯಿತು. ಮೂರನೇ ದಿನ ಅಜ್ಜಿ ಮಂಕಾಗಿ ಮಲಗಿಬಿಟ್ಟಾಗ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆ ಮಾಡಿದಾಗ ಮೂತ್ರದ ಸೋಂಕು ಎಂದು ತಿಳಿಯಿತು. ಮೈಯಲ್ಲಿ ಜ್ವರವೇ ಇರಲಿಲ್ಲ!

ಇದೇನು ಕಾಯಿಲೆ?

ದೇಹದಲ್ಲಿ ಸೋಂಕಾದಾಗ ಮುದುಕರ ಮಿದುಳಿನ ಕೆಲಸ ಬೇಗ ಏರುಪೇರಾಗುತ್ತದೆ. ಇದನ್ನು ನಮ್ಮ ಕಡೆ ಸನ್ನಿ ಎನ್ನುತ್ತಾರೆ, ಡಾಕ್ಟರು ಡೆಲಿರಿಯಂ ಎನ್ನುತ್ತಾರೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಸನ್ನಿ ಹಾಗಲ್ಲ, ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರುತ್ತದೆ. ಹೊತ್ತಿಗೊಂದು ಥರ ಇರುತ್ತದೆ, ರಾತ್ರಿ ಜಾಸ್ತಿ. ಕೆಲವರು ಕೂಗಾಡುತ್ತಾರೆ. ಕೆಲವರು ಸುಮ್ಮನೆ ತೂಕಡಿಸುತ್ತಾರೆ. “ಪಾಪ, ಸುಸ್ತಾಗಿದೆ” ಅಂತ ನಾವು ಬಿಟ್ಟುಬಿಡುವುದು ಇಂಥವರನ್ನೇ.

ಮೂತ್ರದ ಸೋಂಕೊಂದೇ ಕಾರಣವಲ್ಲ. ನ್ಯುಮೋನಿಯಾ, ಮೈಯಲ್ಲಿ ನೀರು ಕಡಿಮೆಯಾಗುವುದು, ಮಲಬದ್ಧತೆ, ಸಕ್ಕರೆ ಅಥವಾ ಉಪ್ಪಿನಂಶದ ಏರುಪೇರು, ಬಿದ್ದು ತಲೆಗೆ ಪೆಟ್ಟಾಗುವುದು, ಕೆಲವು ಮಾತ್ರೆಗಳು ಕೂಡ ಕಾರಣವಾಗಬಹುದು. ಆದ್ದರಿಂದ ಅಂದೇ ಡಾಕ್ಟರಿಗೆ ತೋರಿಸಬೇಕು. ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಯ್ಯಬೇಕು.

ಮನೆಯಲ್ಲಿ ಏನು ಮಾಡಬೇಕು?

1. ಡಾಕ್ಟರು ಕೊಟ್ಟ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಹೇಳಿದಷ್ಟು ದಿನವೂ ಕೊಡಬೇಕು. ವಾಸಿಯಾಯಿತೆಂದು ನಡುವೆ ನಿಲ್ಲಿಸಬಾರದು. ನಿದ್ದೆ ಮಾತ್ರೆಯನ್ನು ನಾವೇ ಅಂಗಡಿಯಿಂದ ತರಬಾರದು.

2. ನೀರು, ಮಜ್ಜಿಗೆ, ಗಂಜಿ ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಬೇಕು. ಪೂರಾ ಎಚ್ಚರವಿದ್ದಾಗ ಮಾತ್ರ, ನೆಟ್ಟಗೆ ಕೂರಿಸಿ ಕುಡಿಸಬೇಕು. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗಬಹುದು. ಹೃದಯ, ಕಿಡ್ನಿ ಕಾಯಿಲೆ ಇದ್ದವರಿಗೆ ಎಷ್ಟು ನೀರು ಎಂದು ಡಾಕ್ಟರನ್ನು ಕೇಳಬೇಕು.

3. ಕನ್ನಡಕ ಹಾಕಬೇಕು. ಹಗಲು ಕಿಟಕಿ ತೆಗೆದಿರಬೇಕು, ರಾತ್ರಿ ಸಣ್ಣ ದೀಪ ಉರಿಯುತ್ತಿರಬೇಕು.

4. ವಾದ ಮಾಡಬಾರದು, ಗದರಬಾರದು, ಮಂಚಕ್ಕೆ ಕಟ್ಟಬಾರದು. “ಅಜ್ಜಿ, ನಾನು ನಿನ್ನ ಮೊಮ್ಮಗ, ನಮ್ಮನೇಲೇ ಇದ್ದೀಯ” ಎಂದು ಮೆಲ್ಲಗೆ ಹೇಳಿ ಕೈ ಹಿಡಿದುಕೊಂಡರೆ ಸಮಾಧಾನವಾಗುತ್ತದೆ.

5. ಬಟ್ಟೆ ಒದ್ದೆಯಾದರೆ ಕೂಡಲೇ ಬದಲಿಸಬೇಕು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ ಶುಚಿ ಮಾಡಬೇಕು. ಏಳಲಾಗದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ.

ಎಬ್ಬಿಸಿದರೂ ಏಳದಿದ್ದರೆ, ಏದುಸಿರು ಬಂದರೆ, ಫಿಟ್ಸ್ ಬಂದರೆ, ಬಾಯಿ ಸೊಟ್ಟಗಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಬೇಕು. ಅರ್ಧ ದಿನವಾದರೂ ಮೂತ್ರ ಹೋಗದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮಗೆ ತಿಳಿಯದ ಕಾರಣ

ಅಜ್ಜಿಯನ್ನು ಡಾಕ್ಟರು “ದಿನಕ್ಕೆ ಎಷ್ಟು ನೀರು ಕುಡೀತೀರಿ?” ಎಂದು ಕೇಳಿದರು. ಅಜ್ಜಿ ನಾಚಿಕೊಂಡು, “ಸಂಜೆ ಮ್ಯಾಲೆ ಕುಡ್ಯಾಕಿಲ್ಲ ಸ್ವಾಮಿ. ರಾತ್ರಿ ಕತ್ತಲಲ್ಲಿ ಹಿತ್ತಲಿಗೆ ಹೋಗ್ಬೇಕಲ್ಲ, ಬಿದ್ದೋದ್ರೆ ಮಕ್ಳಿಗೆ ತೊಂದ್ರೆ” ಅಂದಳು. ನೀರು ಕಡಿಮೆ ಕುಡಿದು, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ತಗಲುವುದು ಸುಲಭ. ಒಂದೇ ಮನೆಯಲ್ಲಿದ್ದೂ ನಾವ್ಯಾರೂ ಇದನ್ನು ಕೇಳಿರಲಿಲ್ಲ.

ಈಗ ಹಿತ್ತಲಿಗೆ ಒಂದು ಬಲ್ಬ್ ಹಾಕಿದ್ದೇವೆ. ರಾತ್ರಿ ಅಜ್ಜಿ ಎದ್ದರೆ ನಾನೋ ತಂಗಿಯೋ ಜೊತೆಗೆ ಹೋಗುತ್ತೇವೆ. ಸೋಂಕು ವಾಸಿಯಾದ ಮೇಲೂ ಅಜ್ಜಿಯ ಮನಸ್ಸು ತಿಳಿಯಾಗಲು ಮೂರು ವಾರ ಬೇಕಾಯಿತು. ಕೆಲವರಿಗೆ ತಿಂಗಳುಗಳೇ ಬೇಕಾಗಬಹುದಂತೆ, ತಾಳ್ಮೆ ಬೇಕು. ಒಂದು ದಿನ ಅಜ್ಜಿ, “ನಾನು ಏನೇನೋ ಅಂದ್ನಂತೆ, ನೀವು ನಗಾಡಿದ್ರಂತೆ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ.

ಗೆಳೆಯರೇ, ನಿಮ್ಮ ಮನೆಯ ಅಜ್ಜ ಅಜ್ಜಿ ಇದ್ದಕ್ಕಿದ್ದಂತೆ ಬದಲಾದರೆ ನಗಬೇಡಿ. ದೊಡ್ಡವರಿಗೆ ಹೇಳಿ, ಆಶಾ ಅಕ್ಕನಿಗೆ ಹೇಳಿ. ಇವತ್ತು ಸಂಜೆ ಮನೆಗೆ ಹೋದ ಕೂಡಲೇ ಅವರಿಗೆ ಒಂದು ಲೋಟ ನೀರು ಕೊಟ್ಟು ನೋಡಿ. ಬೇಡ ಅಂದರೆ, ಯಾಕೆ ಬೇಡ ಅಂತ ಕೇಳಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿ